‘ಚುಚ್ಚುಮದ್ದು’ ಪದದ ಮೇಲೆ ಒಂದು ತಕರಾರು, ‘ದಾಕು’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಹಿರಿಯರಿಗೆ ಒಂದು ಪುಟದ ಹಾಳೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಕೋವಿಡ್ ಲಸಿಕೆ, ಫ್ಲೂ ಲಸಿಕೆ, ಜ್ವರ ಬಂದರೆ ಟೆಸ್ಟ್ ಯಾವಾಗ ಮಾಡಿಸಬೇಕು, ಇಷ್ಟೇ. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ, ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಲಸಿಕೆ’ ಅಂತ ಬರೆದದ್ದನ್ನು ಗೆಳೆಯನೊಬ್ಬ ಹೊಡೆದುಹಾಕಿ ‘ಚುಚ್ಚುಮದ್ದು’ ಅಂತ ತಿದ್ದಿದ. ಅಚ್ಚಗನ್ನಡ ಇರುವಾಗ ಸಂಸ್ಕೃತ ಯಾಕೆ ಅನ್ನುವುದು ಅವನ ವಾದ. ಸಾಮಾನ್ಯವಾಗಿ ನಾನೂ ಅದೇ ಪಕ್ಷದವನು. ಆದರೆ ಇಲ್ಲಿ ಮಾತ್ರ ಒಪ್ಪಲು ಆಗುತ್ತಿಲ್ಲ, ಯಾಕೆ ಅಂತ ಹೇಳುತ್ತೇನೆ.

2021ರ ಜೂನ್‌ನಲ್ಲಿ ಒಂದು ಲಸಿಕೆ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಮೇಜಿನ ಹತ್ತಿರ ಬಂದು, ಎರಡು ದಿನದಿಂದ ಮೈ ಸುಡ್ತಿದೆ, ಆ ಚುಚ್ಚುಮದ್ದು ಬೇಗ ಕೊಟ್ಟುಬಿಡಿ ಅಂದರು. ನರ್ಸ್ ಎರಡು ಹೆಜ್ಜೆ ಹಿಂದೆ ಸರಿದು, ಮೊದಲು ಟೆಸ್ಟ್ ಮಾಡಿಸಿ, ಕೋವಿಡ್ ಅಂತ ಬಂದರೆ ವಾಸಿಯಾಗಿ ಮೂರು ತಿಂಗಳು ಕಳೆದ ಮೇಲೆ ಬನ್ನಿ ಅಂದರು. ಆಗಿನ ನಿಯಮ ಅದೇ ಇತ್ತು. ಅವರು ಕೇಳಿದ್ದು: “ವಾಸಿಯಾದ ಮೇಲೆ ಮದ್ದು ಯಾತಕ್ಕಮ್ಮ?”

ನಾವೆಲ್ಲ ನಕ್ಕೆವು. ಆಮೇಲೆ ಯೋಚಿಸಿದರೆ ಅವರ ಕನ್ನಡದಲ್ಲಿ ತಪ್ಪೇ ಇರಲಿಲ್ಲ. ಮದ್ದು ಅಂದರೆ ಕಾಯಿಲೆ ಬಂದ ಮೇಲೆ ಕೊಡುವುದು. 2020 ಪೂರ್ತಿ ‘ಕೊರೊನಾಗೆ ಮದ್ದಿಲ್ಲ’ ಅಂತ ಕೇಳಿದವರಿಗೆ ಮರುವರ್ಷ ‘ಚುಚ್ಚುಮದ್ದು ಬಂತು’ ಅಂದರೆ ಏನು ಅರ್ಥವಾಗಬೇಕು? ಇನ್ನೊಂದು ಕಡೆ ಅದೇ ಏಪ್ರಿಲ್, ಮೇ ತಿಂಗಳಲ್ಲಿ ರೆಮ್‌ಡಿಸಿವಿರ್‌ಗಾಗಿ ಜನ ಊರೂರು ಅಲೆಯುತ್ತಿದ್ದರಲ್ಲ, ಅದನ್ನೂ ಪತ್ರಿಕೆಗಳು ಚುಚ್ಚುಮದ್ದು ಅಂತಲೇ ಬರೆದವು. ಒಂದು ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ಚಿಕಿತ್ಸೆ, ಇನ್ನೊಂದು ಚೆನ್ನಾಗಿರುವವರಿಗೆ ಮುಂಚೆಯೇ ಕೊಡುವಂಥದ್ದು. ಎರಡಕ್ಕೂ ಒಂದೇ ಪದ. ‘ಚುಚ್ಚುಮದ್ದಿನ ಕೊರತೆ’ ಅಂತ ತಲೆಬರಹ ನೋಡಿದರೆ ಒಳಗಿನ ಸುದ್ದಿ ಓದುವ ತನಕ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಇನ್ಸುಲಿನ್ ಕೂಡ ಚುಚ್ಚುಮದ್ದೇ, ನಾಯಿ ಕಚ್ಚಿದರೆ ಕೊಡುವುದೂ ಚುಚ್ಚುಮದ್ದೇ.

ಇದಕ್ಕಿಂತ ಕಿರಿಕಿರಿಯ ವಿಷಯ ಇನ್ನೊಂದಿದೆ. ನಮ್ಮ ಕಡೆ, ಅಂದರೆ ಹಳೆ ಮೈಸೂರಿನ ಹಳ್ಳಿಗಳಲ್ಲಿ, ‘ಮದ್ದು ಹಾಕುವುದು’ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಆಗದವರು ಊಟದಲ್ಲಿ ಗುಟ್ಟಾಗಿ ಏನೋ ಬೆರೆಸಿಕೊಡುವುದು. ಹುಡುಗ ಸುಮ್ನೆ ಸೊರಗುತ್ತಿದ್ದರೆ “ಯಾರೋ ಮದ್ದು ಹಾಕಿದಾರೆ” ಅನ್ನುತ್ತಾರೆ. ಮದ್ದು ತೆಗೆಸಲು ಕರೆದುಕೊಂಡೂ ಹೋಗುತ್ತಾರೆ. ಈಗ ಧ್ವನಿವರ್ಧಕದಲ್ಲಿ ‘ಶಾಲೆಯ ಹತ್ತಿರ ಮದ್ದು ಹಾಕುತ್ತಾರೆ, ಎಲ್ಲರೂ ಬನ್ನಿ’ ಅಂತ ಕೂಗಿದರೆ ಹೇಗಿರುತ್ತದೆ? ನಮ್ಮ ದೂರದ ಸಂಬಂಧಿ ಅಜ್ಜಿಯೊಬ್ಬರು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ವಾಟ್ಸಾಪ್ ಸುಳ್ಳುಸುದ್ದಿ ಕಾರಣ ಅಂತ ಮಗ ಹೇಳಿದ. ಅವರ ಹತ್ತಿರ ಫೋನೇ ಇರಲಿಲ್ಲ! (ಕರಾವಳಿಯಲ್ಲಿ ‘ಮದ್ದು ಕುಡಿದೆಯಾ’ ಅನ್ನುವುದು ದಿನದ ಮಾತು, ಅಲ್ಲಿ ಈ ಭಯ ಕಡಿಮೆ ಇರಬಹುದು. ಆ ಕಡೆಯವರು ಹೇಳಬೇಕು. ಹಾಗೆ ನೋಡಿದರೆ ಶ್ರೀರಂಗಪಟ್ಟಣದ ಮದ್ದಿನ ಮನೆಯಲ್ಲಿದ್ದದ್ದು ಸಿಡಿಮದ್ದು. ಬಹಳ ಕೆಲಸ ಮಾಡುವ ಪದ ಇದು.)

ಜೊತೆಗೆ ಚುಚ್ಚದ ಲಸಿಕೆಗಳೂ ಇವೆ. ಪೋಲಿಯೊಗೆ ‘ಎರಡು ಹನಿ’ ಎಲ್ಲರ ಬಾಯಲ್ಲೂ ಇದೆ. ಕೋವಿಡ್‌ಗೂ 2023ರ ಜನವರಿಯಲ್ಲಿ ಭಾರತ್ ಬಯೋಟೆಕ್‌ನ ಮೂಗಿನ ಹನಿ ಬಂತು. ಅದನ್ನು ‘ಮೂಗಿನ ಚುಚ್ಚುಮದ್ದು’ ಅಂದರೆ ಓಡಿಹೋಗುತ್ತಾರೆ.

ಇನ್ನು ಲಸಿಕೆ. ಇದರ ಮೂಲ ಹುಡುಕಿದಾಗ ನನಗೆ ಆಶ್ಚರ್ಯವಾಯಿತು. ಸಂಸ್ಕೃತದ ‘ಲಸೀಕಾ’ ಅಂದರೆ ಚರ್ಮದ ಅಡಿಯಲ್ಲಿರುವ, ಗಾಯವಾದಾಗ ಒಸರುವ ನೀರು. ಹಿಂದಿಯಲ್ಲಿ ಇವತ್ತಿಗೂ ಲಸೀಕಾ ಅಂದರೆ ನಾವು ದುಗ್ಧರಸ (ಇಂಗ್ಲಿಷಿನ ಲಿಂಫ್) ಅನ್ನುವುದೇ, ಲಸಿಕೆಗೆ ಅವರು ಟೀಕಾ ಅನ್ನುತ್ತಾರೆ. ಮರಾಠಿಯಲ್ಲಿ ಮಾತ್ರ ನಮ್ಮ ಹಾಗೆ ‘ಲಸ್’. ಎಡ್ವರ್ಡ್ ಜೆನ್ನರ್ 1796ರಲ್ಲಿ ಮಾಡಿದ್ದು ಇಷ್ಟೇ ತಾನೇ, ಹಸುವಿನ ಸಿಡುಬು ತಗುಲಿದವಳ ಗುಳ್ಳೆಯ ನೀರನ್ನು ಹುಡುಗನ ತೋಳಿಗೆ ಗೀರಿ ಸೇರಿಸಿದ್ದು. ಮುಂದೆ ಕರುವಿನ ಗುಳ್ಳೆಯ ನೀರು ಬಳಕೆಗೆ ಬಂತು. ಹಾಗಾಗಿ ಗುಳ್ಳೆಯ ನೀರಿನ ಹೆಸರೇ ಲಸಿಕೆಗೆ ನಿಂತಿತು ಅಂತ ನನ್ನ ಊಹೆ. ವ್ಯಾಕ್ಸಿನ್ ಪದದೊಳಗೆ ಲ್ಯಾಟಿನ್ ಹಸು ಇದೆ, ನಮ್ಮ ಲಸಿಕೆಯೊಳಗೆ ಆ ಹಸುವಿನ ಗುಳ್ಳೆಯ ನೀರು ಇದೆ. ಓದುವವರಿಗೆ ಇದೇನೂ ಗೊತ್ತಿಲ್ಲದಿರುವುದೇ ಒಳ್ಳೆಯದು ಅನ್ನಿ. ಹಳೆಯ ಅರ್ಥ ಅಂಟಿಕೊಂಡಿಲ್ಲ, ಹಾಗಾಗಿ ಪದ ಒಂದೇ ಕೆಲಸ ಮಾಡುತ್ತದೆ.

ತಮಿಳಿನ ‘ತಡುಪ್ಪೂಸಿ’ ಹಾಗೆ ‘ತಡೆಮದ್ದು’ ಅಥವಾ ‘ತಡೆಸೂಜಿ’ ಅನ್ನಬಾರದೇ ಅಂತ ಗೆಳೆಯ ಇನ್ನೊಂದು ಬಾಣ ಬಿಟ್ಟ. ಚೆನ್ನಾಗಿದೆ, ಆದರೆ ‘ತಡೆ’ ಅಂದರೆ ಪೂರ್ತಿ ತಡೆ ಅಂತ ಜನ ತಿಳಿಯುತ್ತಾರೆ. ಎರಡು ಡೋಸ್ ಆದ ಮೇಲೂ ಕೋವಿಡ್ ಬಂದವರು “ತಡೆಯುತ್ತೆ ಅಂದಿದ್ರಲ್ಲ” ಅಂತ ಜಗಳಕ್ಕೇ ಬಂದಿದ್ದರು. ಲಸಿಕೆಯ ದೊಡ್ಡ ಲಾಭ ಕಾಯಿಲೆ ಜೋರಾಗದಂತೆ, ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವುದು. ಅದನ್ನು ಒಂದು ಪದದಲ್ಲಿ ತುರುಕುವುದಕ್ಕಿಂತ ಒಂದು ಸಾಲು ಜಾಸ್ತಿ ಬರೆಯುವುದೇ ವಾಸಿ, ಅಲ್ವಾ?

ಈಗ ನನ್ನ ನಿಜವಾದ ಪ್ರಶ್ನೆ. ನಮ್ಮ ಅಜ್ಜಿ ಈ ಎರಡೂ ಪದ ಬಳಸುತ್ತಿರಲಿಲ್ಲ. ‘ದಾಕು’ ಅನ್ನುತ್ತಿದ್ದರು. “ದಾಕು ಹಾಕೋರು ಬಂದ್ರೆ ಹುಡುಗ್ರೆಲ್ಲ ಅಟ್ಟ ಹತ್ತೋವು” ಅಂತ ಕತೆ ಹೇಳುತ್ತಿದ್ದರು. ಅವರ ತೋಳಿನ ಮೇಲೆ ದುಂಡಗಿನ ಕಲೆ ಇತ್ತು. ಅದು ಸಿಡುಬಿನ ದಾಕು. ಈ ಪದ ಎಲ್ಲಿಂದ ಬಂತು? ಕಲೆ ಅನ್ನುವ ಅರ್ಥದ ‘ದಾಗ್’ನಿಂದಲೇ? ಎಷ್ಟು ಹಳೆಯದು? ಮೈಸೂರಿಗಂತೂ ದಾಕು ಬಲು ಬೇಗ ಬಂದಿದೆ. ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಮೂವರು ಮೈಸೂರು ರಾಜಮನೆತನದ ಹೆಂಗಸರ ಚಿತ್ರದಲ್ಲಿ ಒಬ್ಬರು ಸೀರೆ ಸರಿಸಿ ತೋಳು ತೋರಿಸುತ್ತಾರೆ, ಅದು ದಾಕು ಹಾಕಿಸಿಕೊಂಡ ಜಾಗ ಅಂತ ಕೆಲವು ಇತಿಹಾಸಕಾರರ ಮಾತು. ಆಗ ಅರಮನೆಯ ಕನ್ನಡದಲ್ಲಿ ಅದಕ್ಕೆ ಏನನ್ನುತ್ತಿದ್ದರು? ಹಳೆಯ ಕಾಗದಪತ್ರ ಓದುವವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ.

ಕೊನೆಗೆ ಒಂದು ಸಣ್ಣ ಅನುಮಾನ. ಕೋವಿಡ್‌ನ ಆಂಟಿಜೆನ್ ಟೆಸ್ಟ್ (ಬೇಗ ಫಲಿತಾಂಶ ಕೊಡುವ, ಆದರೆ ಸೋಂಕಿದ್ದರೂ ಕೆಲವೊಮ್ಮೆ ಹಿಡಿಯದ ಟೆಸ್ಟ್) ನೆಗೆಟಿವ್ ಬಂದರೆ ‘ಸೋಂಕಿಲ್ಲ’ ಅಂತ ಬರೆಯುತ್ತಾರೆ. ನಾನು ‘ಸೋಂಕು ಕಂಡುಬಂದಿಲ್ಲ’ ಅಂತ ಹಾಕಿದ್ದೇನೆ. ಜ್ವರ, ಕೆಮ್ಮು ಇದ್ದೂ ಆಂಟಿಜೆನ್ ನೆಗೆಟಿವ್ ಆದರೆ ಹೆಚ್ಚು ನಿಖರವಾದ ಆರ್‌ಟಿ-ಪಿಸಿಆರ್ ಲ್ಯಾಬ್ ಟೆಸ್ಟ್ ಮಾಡಿಸಿ ಅಂತಲೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿತ್ತು. ‘ಇಲ್ಲ’ ಅಂದುಬಿಟ್ಟರೆ ಮತ್ತೆ ಯಾರು ಹೋಗುತ್ತಾರೆ? ಗೆಳೆಯ ಇದನ್ನು ಸುತ್ತುಮಾತು ಅನ್ನುತ್ತಾನೆ.

ಉತ್ತರ ಕರ್ನಾಟಕದಲ್ಲಿ, ಮಲೆನಾಡಿನಲ್ಲಿ ದಾಕುವಿಗೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಹಾಳೆ ಮುಂದಿನ ವಾರ ಅಚ್ಚಿಗೆ ಹೋಗಬೇಕು, ಸದ್ಯಕ್ಕೆ ‘ಲಸಿಕೆ’ ಅಂತಲೇ ಇಟ್ಟಿದ್ದೇನೆ.