ಸಹಾಯ ಬೇಕು: ಪೋಸ್ಟ್‌ಡಾಕ್‌ಗೆ ಪ್ರೊಫೆಸರ್‌ಗಳನ್ನು ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪ್ರೋಟೀನ್‌ಗಳು ಹೇಗೆ ಅಲುಗಾಡುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ ಮಾಡಿ ನೋಡುವುದು ನನ್ನ ಪಿಎಚ್‌ಡಿ ಕೆಲಸ. ಹೋದ ತಿಂಗಳು ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿಯಿತು. ಈ ಸಿಮ್ಯುಲೇಶನ್ ಮಾಡುವ ಗ್ರೊಮ್ಯಾಕ್ಸ್ ಸಾಫ್ಟ್‌ವೇರ್, ಪೈಥಾನ್ ಪ್ರೋಗ್ರಾಮಿಂಗ್ ಚೆನ್ನಾಗಿ ಬರುತ್ತೆ.

ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ, ಕೇಳಿ ಇಲ್ಲಿವರೆಗೆ ಪ್ರೊಫೆಸರ್‌ಗಳಿಗೆ 31 ಮೇಲ್ ಕಳಿಸಿದ್ದೇನೆ. ಉತ್ತರ ಬಂದಿದ್ದು ಎರಡೇ. ಒಬ್ಬರು ಫಂಡ್ ಇಲ್ಲ ಎಂದರು. ಇನ್ನೊಬ್ಬರು, 'ನಿಮ್ಮದೇ ಫೆಲೋಶಿಪ್ ಇದ್ದರೆ ಬನ್ನಿ' ಎಂದರು.

ಹಾಗಾಗಿ ಸಂಶೋಧಕರ ಸಂಬಳಕ್ಕೆ ಹಣ ಕೊಡುವ ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ ನೋಡುತ್ತಿದ್ದೇನೆ. ಅದರ ನಿಯಮದಂತೆ, ಹೋಗುವ ದೇಶದಲ್ಲಿ ಅರ್ಜಿಯ ಕೊನೆ ದಿನಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನಾನು ಭಾರತ ಬಿಟ್ಟೇ ಹೋಗಿಲ್ಲ, ಅದು ಸರಿ. ಆದರೆ ಅಲ್ಲಿನ ಪ್ರೊಫೆಸರ್ ಒಪ್ಪಿ, ಜೊತೆಗೇ ಅರ್ಜಿ ಹಾಕಬೇಕಲ್ವಾ? ಅಲ್ಲೇ ನಿಂತಿದ್ದೇನೆ.

ಇದನ್ನು ಪಡೆದವರು ಇದ್ದೀರಾ? ಮೊದಲ ಮೇಲ್‌ನಲ್ಲಿ ಏನು ಬರೆದಿರಿ? ಎಷ್ಟು ತಿಂಗಳು ಮುಂಚೆ ಕೇಳಿದಿರಿ? ನನ್ನ ಮೇಲ್ ಓದಿ ತಪ್ಪು ಹೇಳಿದರೂ ದೊಡ್ಡ ಉಪಕಾರ. ದಯವಿಟ್ಟು ತಿಳಿಸಿ.