ಸಿಯಾಟಲ್‌ನಿಂದ ಮೆಲ್ಬರ್ನ್‌ಗೆ ಬೋಟು, ಬೈಕು ಒಂದೇ 20 ಅಡಿ ಕಂಟೇನರ್‌ನಲ್ಲಿ ಕಳಿಸಬಹುದಾ?

ಗಾಳದ ಗಿರಾಕಿ:
ನಮಸ್ಕಾರ ಎಲ್ರಿಗೂ. ಕೆಲಸದ ಮೇಲೆ ಸಿಯಾಟಲ್ ಬಿಟ್ಟು ಮೆಲ್ಬರ್ನ್‌ಗೆ ಹೋಗ್ತಿದೀವಿ, ಪಿಆರ್ (ಅಲ್ಲಿ ಕಾಯಂ ಇರೋ ಪರ್ಮಿಟ್) ಬಂದಿದೆ. ಮನೆ ಸಾಮಾನು ಕಮ್ಮಿ, ಆದ್ರೆ 16 ಅಡಿ ಅಲ್ಯೂಮಿನಿಯಂ ಫಿಶಿಂಗ್ ಬೋಟ್, ಅದರ ಟ್ರೇಲರ್, ಜೊತೆಗೆ ನನ್ನ ಬೈಕ್ ಇದೆ. ಮೂವರ್ಸ್‌ನವನು "20 ಅಡಿ ಸಾಕು, ಟ್ರೇಲರ್ ಸಮೇತ ತಳ್ಳಿ ಬೆಲ್ಟ್ ಬಿಗಿದ್ರೆ ಆಯ್ತು" ಅಂತಾನೆ, ನಂಗ್ಯಾಕೋ ನಂಬಿಕೆ ಬರ್ತಿಲ್ಲ. ಬೋಟ್ ಅಗಲ 1.9 ಮೀಟರ್. ಗೊತ್ತಿರೋರು ಹೇಳಿ.

ಪಣಂಬೂರು ಪೋರ:
20 ಅಡಿಯಲ್ಲಿ ಹಿಡಿಯುವುದಿಲ್ಲ ಮಾರಾಯ್ರೆ. ಒಳಗಿನ ಉದ್ದ 5.9 ಮೀಟರ್ ಅಷ್ಟೇ, ನಿಮ್ಮ ಬೋಟೇ 4.9, ಬೈಕಿಗೆ 2 ಮೀಟರ್ ಆದ್ರೂ ಬೇಕು. ಪಕ್ಕದಲ್ಲಿ ನಿಲ್ಲಿಸುವ ಅಂದ್ರೆ ಒಳಗಿನ ಅಗಲ 2.35, ಬೋಟ್ ಹೋಗಿ ಉಳಿಯುವುದು ಒಂದು ಮೊಳ. 40 ಅಡಿಯದ್ದೇ ತಗೊಳ್ಳಿ, ಬಾಡಿಗೆ ಡಬಲ್ ಏನೂ ಆಗುವುದಿಲ್ಲ, ಮನೆ ಸಾಮಾನೂ ಅದರಲ್ಲೇ ಹೋಗ್ತದೆ. ಇನ್ನೊಂದು, ಬೋಟಿನ ಅಗಲ ಹೇಳಿದ್ರಿ, ಟ್ರೇಲರಿನದ್ದು ಹೇಳ್ಲಿಲ್ಲ. ಈ ಮಡ್‌ಗಾರ್ಡಿಂದ ಆ ಮಡ್‌ಗಾರ್ಡಿಗೆ ಟೇಪ್ ಹಿಡಿದು ನೋಡಿ, ಬಾಗಿಲು ಇರುವುದು 2.34.

ಅಗಲ ಸರಿ ಉಂಟು ಅಂತ ಇಟ್ಟುಕೊಂಡ್ರೂ ಟ್ರೇಲರ್ ಮೇಲೆ ಕೂರಿಸಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಸ್ಪ್ರಿಂಗೂ ಟಯರೂ ಕುಣಿಯುತ್ತಾ ಇರ್ತದೆ, ಕುಣಿದಷ್ಟೂ ಬೆಲ್ಟ್ ಸಡಿಲ ಆಗ್ತದೆ. ಬೋಟನ್ನು ಮರದ ತೊಟ್ಟಿಲಿನಲ್ಲಿ ಕೂರಿಸಿ, ಆ ತೊಟ್ಟಿಲನ್ನು ಕಂಟೇನರಿನ ಪ್ಲೈವುಡ್ ನೆಲಕ್ಕೆ ಮೊಳೆ ಹೊಡೆದು ಕೂರಿಸಬೇಕು, ಆಮೇಲೆ ಬೆಲ್ಟ್. ನೆಲದ ಬದಿಯಲ್ಲಿರುವ ರಿಂಗ್ ಒಂದೊಂದೂ 1 ಟನ್ ತಡೀತದೆ. 2014ರ ಸಿಟಿಯು ಕೋಡ್ (ಕಂಟೇನರಿಗೆ ಸರಕು ತುಂಬಿ ಕಟ್ಟುವ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ಕೆಟ್ಟ ಸಮುದ್ರದಲ್ಲಿ ಸರಕಿನ ತೂಕದ 80% ಬಲ ಅಡ್ಡಕ್ಕೆ ಬೀಳ್ತದೆ ಅಂತ ಲೆಕ್ಕ ಹಿಡಿದು ಕಟ್ಟಬೇಕು, ಅಂದ್ರೆ 200 ಕೆಜಿ ಬೈಕನ್ನು 160 ಕೆಜಿ ಪಕ್ಕಕ್ಕೆ ನೂಕಿದ ಹಾಗೆ. ಬೈಕನ್ನು ಸ್ಟ್ಯಾಂಡ್ ಮೇಲೆ ಬಿಡಲೇಬೇಡಿ. ನೆಟ್ಟಗೆ ನಿಲ್ಲಿಸಿ, ಮಡ್‌ಗಾರ್ಡ್ ಎತ್ತರದಲ್ಲಿರುವ ಡರ್ಟ್ ಬೈಕ್ ಆದ್ರೆ ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಮರದ ತುಂಡು ಇಟ್ಟು ಬಿಗಿದ್ರೆ ಫೋರ್ಕ್ ಕೆಳಗೆ ಕೂರುವುದಿಲ್ಲ, ಫೋರ್ಕಿನ ಎಣ್ಣೆ ಸೀಲೂ ಉಳೀತದೆ. ಮರಕ್ಕೆ ಐಎಸ್‌ಪಿಎಂ 15 ಸ್ಟ್ಯಾಂಪ್ (ಹುಳ ಸಾಯುವ ಹಾಗೆ ಟ್ರೀಟ್ ಮಾಡಿದ ಮರ ಅನ್ನುವ ಗುರುತು) ಇರ್ಬೇಕು, ಗ್ಯಾರೇಜಲ್ಲಿ ಬಿದ್ದಿರುವ ಹಲಗೆ ನಡೆಯುವುದಿಲ್ಲ.

ಹುಬ್ಳಿ ಹುಡುಗ:
ಅಲ್ರೀ, ಆಸ್ಟ್ರೇಲಿಯಾದಾಗ ಇಂಥಾ ಬೋಟ್ ಬೇಕಾದಷ್ಟು ಸಿಗ್ತಾವ, ಇಲ್ಲೇ ಮಾರಿ ಅಲ್ಲಿ ತಗೊಳ್ಳೂದ್ ಬಿಟ್ಟು ಇದೆಲ್ಲಾ ಯಾಕ ಬೇಕು?

ಗಾಳದ ಗಿರಾಕಿ:
ನಿಜ ಸರ್, ಆದ್ರೆ ಕಂಟೇನರ್ ದುಡ್ಡು ಕಂಪನೀದು :) ಟ್ರೇಲರ್ ಅಳೆದೆ, 2.41 ಇದೆ. ಮೂವರ್ಸ್‌ನವನಿಗೆ ಹೇಳಿದ್ರೆ ಈಗ ಫೋನೇ ಎತ್ತುತ್ತಿಲ್ಲ.

ಮೆಲ್ಬರ್ನ್ ಮಂಡ್ಯ:
ಅಣ್ಣೋ, ಟ್ರೇಲರ್ ಅಲ್ಲೇ ಮಾರ್ಬುಟ್ಟು ಬನ್ನಿ, ಇಲ್ಲಿ ಬಂದ್ಮೇಲೆ ಒಂದು ತಗೊಂಡ್ರಾಯ್ತು. ಇಲ್ಲಿ ಟ್ರೇಲರ್ ಕೂಡ ರೋಡ್ ವೆಹಿಕಲ್ ಲೆಕ್ಕ, ಬೈಕಿಗೊಂದು ಅದಕ್ಕೊಂದು ಇಂಪೋರ್ಟ್ ಅಪ್ರೂವಲ್ ಬೇಕು, ಅದೂ ಗಾಡಿ ಬರೋಕ್ ಮುಂಚೆ. ಬೈಕ್ ನಿಮ್ಮ ಹೆಸ್ರಲ್ಲಿ 12 ತಿಂಗಳಾದ್ರೂ ಆಗಿರ್ಬೇಕು. ಕ್ವಾರಂಟೀನ್ ನವ್ರು ಮಣ್ಣು, ಬೀಜ, ಹುಲ್ಲುಕಡ್ಡಿ ಕಂಡ್ರೆ ಬಿಡಾಕಿಲ್ಲ, ಟ್ರೇಲರ್ ಪೈಪ್ ಒಳಗಿರೋ ಕೆಸರು ಯಾವನು ತೊಳೀತಾನೆ? ಬೋಟಿನ ತಳ, ಬೈಕಿನ ಚೈನ್, ರೇಡಿಯೇಟರ್ ಸಂದಿ ಎಲ್ಲಾ ಪ್ರೆಶರ್ ವಾಶ್ ಮಾಡ್ಸಿ.

ಆಮೇಲೆ ಸ್ಟಿಂಕ್ ಬಗ್ ಅಂತ ಒಂದು ಹುಳ. ಅಮೆರಿಕದಿಂದ ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರ ಒಳಗೆ ಹಡಗು ಹತ್ತಿದ ಗಾಡಿ, ಬೋಟುಗಳಿಗೆ ಗ್ಯಾಸ್ ಇಲ್ಲಾ ಹೀಟ್ ಟ್ರೀಟ್‌ಮೆಂಟ್ ಆಗ್ಬೇಕು. ಆಗೋದಾದ್ರೆ ಮೇ ಮೇಲೆ ಹತ್ಸಿ, ಆ ಗೋಳೇ ಇರಕ್ಕಿಲ್ಲ. ಗ್ಯಾಸ್ ಹೊಡ್ಸೋದೇ ಆದ್ರೆ ಬೋಟಿಗೆ ಪ್ಲಾಸ್ಟಿಕ್ ಸುತ್ತಿ ಸೀಲ್ ಮಾಡ್ಬೇಡಿ, ಗ್ಯಾಸ್ ಒಳಗೆ ಹೋಗಲ್ಲ ಅಂತ ಹರಿದು ಹಾಕಿಸ್ತಾರೆ.

ಗಾಳದ ಗಿರಾಕಿ:
ಥ್ಯಾಂಕ್ಸ್ ಅಣ್ಣ, ಟ್ರೇಲರ್ ಮಾರಾಟಕ್ಕೆ ಹಾಕ್ದೆ. ಪೆಟ್ರೋಲ್, ಬ್ಯಾಟರಿ ಏನ್ಮಾಡ್ಲಿ? ಇನ್ಶೂರೆನ್ಸ್ ಬೇಕೇ ಬೇಕಾ?

ಪಣಂಬೂರು ಪೋರ:
ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಖಾಲಿ ಮಾಡಿ, ಬ್ಯಾಟರಿ ವಯರ್ ಬಿಚ್ಚಿ ಟರ್ಮಿನಲ್‌ಗೆ ಟೇಪ್ ಸುತ್ತಿ. ಟ್ರೋಲಿಂಗ್ ಮೋಟರಿನ (ಬೋಟನ್ನು ಮೆಲ್ಲಗೆ ಓಡಿಸುವ ಸಣ್ಣ ಕರೆಂಟ್ ಮೋಟರ್) ಲಿಥಿಯಂ ಬ್ಯಾಟರಿ ಇದ್ರೆ ಅಲ್ಲೇ ಮಾರಿ, ಹೇಳದೆ ಒಳಗೆ ತುರುಕಬೇಡಿ, ಕಂಟೇನರ್ ಒಳಗೆ ಬೆಂಕಿ ಹತ್ತಿದ್ರೆ ಆರಿಸುವುದು ಸುಲಭ ಅಲ್ಲ. ಬೋಟಿನ ಡ್ರೈನ್ ಪ್ಲಗ್ ತೆಗೆದಿಡಿ, ಚಳಿಯಿಂದ ಬಿಸಿಗೆ ಹೋಗುವಾಗ ಕಂಟೇನರಿನ ಮಾಡಿನಿಂದ ನೀರು ತೊಟ್ಟಿಕ್ತದೆ, ಅದು ಹರಿದು ಹೋಗ್ಲಿ.

ಇನ್ಶೂರೆನ್ಸ್ ಇಲ್ಲದೆ ಕಳಿಸ್ಲೇಬೇಡಿ. 2021ರಲ್ಲಿ ಸೂಯೆಜ್‌ನಲ್ಲಿ ಎವರ್ ಗಿವನ್ ಸಿಕ್ಕಿಹಾಕಿಕೊಂಡಾಗ ಹಡಗಿನ ಓನರ್ ಜನರಲ್ ಆವರೇಜ್ ಘೋಷಿಸಿದ್ದು ಗೊತ್ತಲ್ಲ, ಹಾಗೆ ಆದ್ರೆ ಹಡಗು ಬಿಡಿಸಿದ ಖರ್ಚಿನಲ್ಲಿ ಸರಕಿನವರಿಗೂ ಪಾಲು ಬರ್ತದೆ, ನಿಮ್ಮ ಸಾಮಾನಿಗೆ ಒಂದು ಗೀರೂ ಬೀಳದಿದ್ದರೂ. ಪಾಲಿಸಿಯಲ್ಲಿ ಅದು ಸೇರಿದೆಯಾ ಓದಿ ನೋಡಿ.

ಮೆಲ್ಬರ್ನ್ ಮಂಡ್ಯ:
ಬೈಕಿನ ಒರಿಜಿನಲ್ ಟೈಟಲ್ (ಮಾಲೀಕತ್ವದ ಪತ್ರ) ಹಡಗು ಹೊರಡೋಕ್ ಮುಂಚೆ 72 ಗಂಟೆ ಇರೋವಾಗ್ಲೇ ಅಮೆರಿಕ ಕಸ್ಟಮ್ಸ್‌ಗೆ ತೋರಿಸ್ಬೇಕು ಅಣ್ಣ. ಅದನ್ನ ಸಾಮಾನಿನ ಪೆಟ್ಟಿಗೇಲಿ ತುಂಬಿ ಕಂಟೇನರ್ ಒಳಗೆ ಸೇರಿಸಿಬುಟ್ಟೀರ ಮತ್ತೆ.