ಚೆಟ್ಟಿನಾಡು ರುಚಿಯ ಕ್ರೀಮಿ ಚಿಕನ್ ಸ್ಯಾಂಡ್‌ವಿಚ್‌ಗೆ ಮಯೋನೀಸ್ ಬದಲು ಏನು ಬಳಸಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಕೊಯಮತ್ತೂರಿನಲ್ಲಿ ನೆಲೆಸಿದ್ದೇವೆ. ಮೆಣಸು, ಸೋಂಪು, ಕರಿಬೇವಿನ ಘಮವಿರುವ ಹುರಿದ ಕೋಳಿಮಾಂಸವನ್ನು ಮಯೋನೀಸ್‌ನಲ್ಲಿ ಕಲಸಿ ಬ್ರೆಡ್ಡಿನ ನಡುವೆ ತುಂಬಿದ ಸ್ಯಾಂಡ್‌ವಿಚ್ ನಮ್ಮ ಮಕ್ಕಳಿಗೆ ಅಚ್ಚುಮೆಚ್ಚು. ಹಸಿ ಮೊಟ್ಟೆಯಿಂದ ತಯಾರಿಸುವ ಮಯೋನೀಸನ್ನು ತಮಿಳುನಾಡು ಸರ್ಕಾರ 2025ರ ಏಪ್ರಿಲ್ 8ರಿಂದ ಅನ್ವಯವಾಗುವಂತೆ ಒಂದು ವರ್ಷದ ಮಟ್ಟಿಗೆ ನಿಷೇಧಿಸಿದಂದಿನಿಂದ, ಮನೆಯಲ್ಲಿಯೂ ಅದನ್ನು ಮಾಡಲು ನನಗೆ ಧೈರ್ಯ ಬರುತ್ತಿಲ್ಲ. ಮೊಟ್ಟೆಯಿಲ್ಲದ ಮಯೋನೀಸ್ ಅಂಗಡಿಯಲ್ಲಿ ಸಿಗುತ್ತದೆಯಾದರೂ ಅದರ ಸಿಹಿ ಮಸಾಲೆಯನ್ನು ಮುಚ್ಚಿಬಿಡುತ್ತದೆ. ಚೆಟ್ಟಿನಾಡಿನ ಖಾರ ಉಳಿಯಬೇಕು, ಹೂರಣ ಮೆತ್ತಗಿರಬೇಕು, ಬ್ರೆಡ್ ಒದ್ದೆಯಾಗಬಾರದು. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ

ನಮಸ್ಕಾರ ಮೇಡಂ. ನೀರು ಬಸಿದ ಗಟ್ಟಿ ಮೊಸರು ಮತ್ತು ಗೋಡಂಬಿ, ಇವೆರಡೇ ನಿಮಗೆ ಸಾಕು. ಕಾಲು ಲೀಟರ್ ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ಫ್ರಿಜ್‌ನೊಳಗೆ ಜರಡಿಯ ಮೇಲಿಟ್ಟರೆ ಬೆಣ್ಣೆಯಂತಹ ಮುದ್ದೆ ಉಳಿಯುತ್ತದೆ. ಬಿಸಿನೀರಿನಲ್ಲಿ ನೆನೆಸಿದ ಎಂಟು ಹತ್ತು ಗೋಡಂಬಿಗಳನ್ನು ನುಣ್ಣಗೆ ರುಬ್ಬಿ ಅದಕ್ಕೆ ಸೇರಿಸಿ. ಮಾಂಸದಲ್ಲಿರುವ ಉಪ್ಪು ತಗುಲಿದಾಗ ಮೊಸರು ಮತ್ತೆ ನೀರು ಬಿಡುತ್ತದೆ. ಆ ನೀರನ್ನು ಹಿಡಿದಿಟ್ಟುಕೊಳ್ಳುವುದು ಈ ಗೋಡಂಬಿಯೇ.

ಮಸಾಲೆಗೆ ಒಂದು ಚಮಚ ಕೊತ್ತಂಬರಿ ಬೀಜ, ಒಂದೂವರೆ ಚಮಚ ಕರಿಮೆಣಸು, ಒಂದು ಚಮಚ ಸೋಂಪು, ಅರ್ಧ ಚಮಚ ಜೀರಿಗೆ, ಮೂರು ಒಣಮೆಣಸಿನಕಾಯಿ ಮತ್ತು ಸಣ್ಣ ಚಕ್ಕೆಯನ್ನು ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿಕೊಳ್ಳಿ. ಕಲ್ಲುಹೂವನ್ನು ಮಾತ್ರ ಇವುಗಳೊಂದಿಗೆ ಹುರಿಯಬೇಡಿ. ಎಳ್ಳೆಣ್ಣೆ ಕಾದ ಕೂಡಲೇ ಅದರ ಒಂದೆರಡು ದಳಗಳನ್ನು ಹಾಕಿದರೆ, ಕಪ್ಪಗಿನ ಒಣ ತೊಗಟೆಯಂತಿದ್ದ ಅದು ಕ್ಷಣಾರ್ಧದಲ್ಲಿ ಎಣ್ಣೆಗೆ ತನ್ನ ಪರಿಮಳವನ್ನೆಲ್ಲ ಬಿಟ್ಟುಕೊಡುತ್ತದೆ. ಚೆಟ್ಟಿನಾಡಿನ ಊರಾದ ಕಾರೈಕುಡಿ ಕಡೆಯ ಅಡುಗೆಯ ಗುರುತು ನನ್ನ ಮಟ್ಟಿಗೆ ಇದೇ. ಹೆಚ್ಚಾದರೆ ಕಹಿಯಾಗುತ್ತದೆ. ಬಳಿಕ ಕರಿಬೇವು, ಹೆಚ್ಚಿದ ಸಾಂಬಾರ್ ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಿ ಕೆಂಪಗೆ ಬಾಡಿಸಿ, ಮೂಳೆಯಿಲ್ಲದ 300 ಗ್ರಾಂ ತೊಡೆಯ ಮಾಂಸವನ್ನು ಸಣ್ಣದಾಗಿ ಹೆಚ್ಚಿ ಸೇರಿಸಿ. ಎದೆಯ ಮಾಂಸ ಒಣಗಿ ನಾರುನಾರಾಗುವುದರಿಂದ ತೊಡೆಯದೇ ಮೇಲು. ಟೊಮೆಟೊ ಬೇಡ. ಮಾಂಸ ಬೆಂದು, ಪುಡಿ ಹಿಡಿದು, ಬಾಣಲೆಯ ತಳದಲ್ಲಿ ಎಣ್ಣೆ ಮಾತ್ರ ಕಾಣುವವರೆಗೆ ಹುರಿಯಿರಿ. ಅದು ಪೂರ್ತಿ ತಣ್ಣಗಾದ ನಂತರವೇ ಮೊಸರಿನ ಮಿಶ್ರಣದಲ್ಲಿ ಕಲಸಬೇಕು, ಏಕೆಂದರೆ ಬಿಸಿ ತಾಗಿದರೆ ಮೊಸರು ಒಡೆಯುತ್ತದೆ.

ಇನ್ನೊಂದು ಉತ್ತರ

ಮೊಸರಿನ ಹುಳಿ ಒಗ್ಗದವರು ಗಟ್ಟಿ ತೆಂಗಿನ ಹಾಲನ್ನು ಬಳಸಬಹುದು. ಮಾಂಸ ಬೆಂದ ಮೇಲೆ ಅರ್ಧ ಲೋಟ ಮೊದಲ ಹಾಲನ್ನು ಹಾಕಿ, ಮಾಂಸಕ್ಕೆ ಅಂಟಿಕೊಳ್ಳುವಷ್ಟು ಬತ್ತಿಸಿ. ಖಾರ ಕೊಂಚ ತಗ್ಗುವುದರಿಂದ ಕೊನೆಯಲ್ಲಿ ಕುಟ್ಟಿದ ಮೆಣಸನ್ನು ಇನ್ನಷ್ಟು ಉದುರಿಸಬೇಕಾಗುತ್ತದೆ. ನೀವಿರುವ ಕೊಂಗು ನಾಡಿನದೇ ಆದ ಪಳ್ಳಿಪಾಳಯಂ ಚಿಕನ್ನನ್ನೂ ಹೀಗೆ ಮಾಡಿ ನೋಡಿ. ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ ಮತ್ತು ತೆಂಗಿನ ಚೂರುಗಳೇ ಅದರ ಜೀವಾಳವಾದ್ದರಿಂದ, ಪುಡಿ ಮಸಾಲೆಯ ಗೊಡವೆಯೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನು ಬೆಳಿಗ್ಗೆ ಮಾಡಿ ಮಕ್ಕಳ ಡಬ್ಬಿಗೆ ಹಾಕಿ ಕಳುಹಿಸಬಹುದೇ?

ಮತ್ತೊಂದು ಉತ್ತರ

ಹಾಗೆಯೇ ಕಳುಹಿಸಬೇಡಿ ಎಂಬುದು ನನ್ನ ಕಳಕಳಿಯ ಮಾತು. ಬೇಯಿಸಿದ ಕೋಳಿಮಾಂಸವನ್ನು ಹೊರಗಿನ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ತಾಪಮಾನ 32 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಂತೂ ಒಂದು ಗಂಟೆಯೇ ಮಿತಿ. ಮೊಟ್ಟೆಯನ್ನು ಬಿಟ್ಟ ಮಾತ್ರಕ್ಕೆ ಈ ನಿಯಮ ಸಡಿಲವಾಗುವುದಿಲ್ಲ. ಹೂರಣವನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಮಕ್ಕಳು ಸಂಜೆ ಮನೆಗೆ ಬಂದಾಗ ತುಂಬಿಕೊಡುವುದೇ ಒಳ್ಳೆಯದು. ಬ್ರೆಡ್ಡಿನ ಒಳಬದಿಗೆ ಅಂಚಿನವರೆಗೂ ಬೆಣ್ಣೆ ಸವರಿದರೆ ತೇವ ಒಳಗಿಳಿಯುವುದಿಲ್ಲ. ಹೊರಬದಿಗೆ ತುಪ್ಪ ಹಚ್ಚಿ, ದೋಸೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿಟ್ಟು, ಭಾರವಾದ ಪಾತ್ರೆಯಿಂದ ಒತ್ತಿ ಎರಡೂ ಬದಿ ಕೆಂಪಗಾಗಿಸಿ; ಹೂರಣವನ್ನು ಅಂಚಿನಿಂದ ಒಂದು ಬೆರಳು ಒಳಗೇ ನಿಲ್ಲಿಸಿದರೆ ಒತ್ತುವಾಗ ಅದು ಕಾವಲಿಗೆ ಚೆಲ್ಲುವುದಿಲ್ಲ.